ಚಿಮ್ನಿ ಒಂದೇ, ಅಳತೆಗೋಲು ನಾಲ್ಕು!

ಸುಣ್ಣದಕಲ್ಲು ತೆಗಿ, ಪುಡಿ ಮಾಡು, 1450 ಡಿಗ್ರಿ ಉರಿಯಲ್ಲಿ ಸುಡು. ಬಂದ ಕ್ಲಿಂಕರಿಗೆ ಜಿಪ್ಸಂ ಬೆರೆಸಿ ಮತ್ತೆ ಬೀಸು. ಸಿಮೆಂಟ್ ಆಯಿತು. ಈ ವಿದ್ಯೆ ಸೇಡಂನಲ್ಲೂ ಅದೇ, ಜರ್ಮನಿಯಲ್ಲೂ ಅದೇ, ಅಮೆರಿಕಾ, ಚೀನಾದಲ್ಲೂ ಅದೇ. ಆದರೆ ಆ ಬಟ್ಟಿಯ ಚಿಮ್ನಿಯಿಂದ ಎಷ್ಟು ಧೂಳು, ಎಷ್ಟು ಹೊಗೆ ಹೊರಗೆ ಬಿಡಬಹುದು ಎಂಬ ಮಾತು ಬಂದಾಗ ಮಾತ್ರ ದೇಶಕ್ಕೊಂದು ನ್ಯಾಯ!

ನಮ್ಮ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ. ವಾಡಿ, ಶಹಾಬಾದ್, ಮಳಖೇಡ, ಸೇಡಂ. ನೆಲದಡಿ ಸುಣ್ಣದಕಲ್ಲು ಇದ್ದಲ್ಲೆಲ್ಲ ಚಿಮ್ನಿ ಎದ್ದಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇವತ್ತು ಹೊರಗಿನವರಿಗೆ ಸಿಮೆಂಟಿನ ಊರಾಗಿಯೇ ಗೊತ್ತು. ಕಾರ್ಖಾನೆ ಬಂದದ್ದರಿಂದ ಕೆಲಸ ಸಿಕ್ಕಿತು, ಅಂಗಡಿ ನಡೆದವು, ಲಾರಿ ಓಡಿದವು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತೊಗರಿ ಎಲೆಯ ಮೇಲೆ, ಪತ್ರಾಸಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂತ ಬೂದಿಬಣ್ಣದ ಪುಡಿಯ ಬಗ್ಗೆ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಎಲ್ಲಾ ನಾರ್ಮ್ಸ್ ಒಳಗೇ ಅದ!

ಹಾಗಾದರೆ ಈ ನಾರ್ಮ್ಸ್ ಅಂದರೆ ಏನ್ರೀ? ಯಾರು ಹಾಕಿದ್ದು? ಬೇರೆಯವರು ಎಷ್ಟು ಹಾಕಿಕೊಂಡಿದ್ದಾರೆ?

400ರಿಂದ 30ಕ್ಕೆ

ಚಿಮ್ನಿಯಿಂದ ಹೊರಬರುವ ಒಂದು ಘನ ಮೀಟರ್ ಅನಿಲದಲ್ಲಿ ಎಷ್ಟು ಮಿಲಿಗ್ರಾಂ ಧೂಳಿದೆ ಎಂಬುದೇ ನಮ್ಮ ದೇಶದ ಅಳತೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ನಿಯಮಗಳಲ್ಲಿ ಮೊದಲು ಬಂದ ಮಿತಿ ನೋಡಿದರೆ ಇವತ್ತು ನಗು ಬರಬೇಕು. ದಿನಕ್ಕೆ 200 ಟನ್‌ಗಿಂತ ದೊಡ್ಡ ಕಾರ್ಖಾನೆಗೆ 250 ಮಿಲಿಗ್ರಾಂ. ಅದಕ್ಕಿಂತ ಸಣ್ಣದಕ್ಕೆ 400! ಸಣ್ಣವನು ಹೆಚ್ಚು ಹೊಗೆ ಬಿಟ್ಟರೂ ನಡೆದೀತು ಎಂಬ ದಯೆ. ಸಂರಕ್ಷಿತ ಪ್ರದೇಶವಾದರೆ ಮಾತ್ರ 150 ಮತ್ತು 250.

ಆಮೇಲೆ ಹಗ್ಗ ಬಿಗಿಯಾಗುತ್ತಾ ಬಂತು. 2006ರಲ್ಲಿ ಹೊಸ ಕಾರ್ಖಾನೆಗೆ 50 ಎಂದಾಯಿತು. 2014ರ ಆಗಸ್ಟ್ 25ರ ಅಧಿಸೂಚನೆ ಹೊಸದಕ್ಕೆ 30 ಎಂದಿತು, ಹಳೆಯವನ್ನೂ ಹಂತ ಹಂತವಾಗಿ ಅದೇ 30ಕ್ಕೆ ಇಳಿಸಲು ಹೊರಟಿತು. ಗಡುವು ಎಳೆದಾಡಿ 2017ರ ಮಾರ್ಚ್ ತನಕ ಹೋಯಿತು. ಗಡುವು ಎಳೆಯದೆ ಒಂದು ನಿಯಮ ಜಾರಿಯಾದರೆ ಅದು ನಮ್ಮ ದೇಶದ ನಿಯಮವೇ ಅಲ್ಲ ಬಿಡಿ. ಆದರೂ 400ರಿಂದ 30ಕ್ಕೆ ಬಂದದ್ದು ಸಣ್ಣ ಮಾತಲ್ಲ, ಒಪ್ಪಬೇಕು.

ಮಿಲಿಗ್ರಾಂ ಅಂದರೆ ಸಾಮಾನ್ಯ ಮನುಷ್ಯನ ತಲೆಗೆ ಹೋಗುವುದಿಲ್ಲ. ಚೀಲದ ಲೆಕ್ಕಕ್ಕೆ ತರೋಣ. ದಿನಕ್ಕೆ 10,000 ಟನ್ ಕ್ಲಿಂಕರ್ ಸುಡುವ ದೊಡ್ಡ ಬಟ್ಟಿ ಎಂದಿಟ್ಟುಕೊಳ್ಳಿ. ಒಂದು ಟನ್ ಕ್ಲಿಂಕರಿಗೆ ಸುಮಾರು 2,000 ಘನ ಮೀಟರ್ ಅನಿಲ ಹೊರಬೀಳುತ್ತದೆ. ಅಂದರೆ ದಿನಕ್ಕೆ ಎರಡು ಕೋಟಿ ಘನ ಮೀಟರ್. 250 ಮಿಲಿಗ್ರಾಂ ಮಿತಿಯಲ್ಲಿ ದಿನಕ್ಕೆ 5 ಟನ್ ಧೂಳು. ಐವತ್ತು ಕೆ.ಜಿ.ಯ ನೂರು ಚೀಲ! 30ರ ಮಿತಿಯಲ್ಲಿ 600 ಕೆ.ಜಿ., ಅಂದರೆ ಹನ್ನೆರಡು ಚೀಲ. ಇದು ಬಟ್ಟಿಯ ಚಿಮ್ನಿಯೊಂದರ ಲೆಕ್ಕ ಮಾತ್ರ. ಕ್ರಷರ್, ಕೂಲರ್, ಸಿಮೆಂಟ್ ಗಿರಣಿ, ಕಲ್ಲಿದ್ದಲು ಗಿರಣಿ, ಲಾರಿ ರಸ್ತೆ ಇವೆಲ್ಲ ಬೇರೆ.

ಅಮೆರಿಕದವರು ಚೀಲವನ್ನೇ ಎಣಿಸುತ್ತಾರೆ

ಅಮೆರಿಕದಲ್ಲಿ ಸಿಮೆಂಟ್ ಬಟ್ಟಿಗೆ ಕೇಂದ್ರದ ಮಿತಿ ಬಂದದ್ದು 1971ರಲ್ಲಿ. ನಮ್ಮಲ್ಲಿ ವಾಯು ಕಾಯ್ದೆ ಬರುವುದಕ್ಕೇ ಇನ್ನೂ ಹತ್ತು ವರ್ಷವಿತ್ತು. ಅವರು ಘನ ಮೀಟರ್ ಗೊಡವೆಗೆ ಹೋಗಲಿಲ್ಲ. ಬಟ್ಟಿಗೆ ಹಾಕಿದ ಒಂದು ಟನ್ ಪುಡಿಗೆ ಇಷ್ಟು ಪೌಂಡ್ ಧೂಳು ಎಂದು ಹಾಕಿದರು. ಅದು 0.30 ಪೌಂಡ್. ಮೇಲಿನ ಬಟ್ಟಿಗೆ ಹೊಂದಿಸಿದರೆ ದಿನಕ್ಕೆ ಐವತ್ತು ಚೀಲದ ಆಸುಪಾಸು. ನಾವು ಹದಿನೈದು ವರ್ಷದ ನಂತರ ಬರೆದುಕೊಂಡ ನೂರು ಚೀಲದ ಅರ್ಧ!

2013ರಲ್ಲಿ ಅವರು ಹೊರಡಿಸಿದ ನಿಯಮ 2015ರ ಸೆಪ್ಟೆಂಬರಿನಿಂದ ಹಳೆ ಬಟ್ಟಿಗಳಿಗೆ ಅನ್ವಯಿಸಿತು. ಒಂದು ಟನ್ ಕ್ಲಿಂಕರಿಗೆ 0.07 ಪೌಂಡ್. ಹೊಸ ಬಟ್ಟಿಗೆ 0.02. ನಮ್ಮ ಭಾಷೆಯಲ್ಲಿ ಹಳೆಯದಕ್ಕೆ ಏಳು ಚೀಲ, ಹೊಸದಕ್ಕೆ ಎರಡೇ ಎರಡು ಚೀಲ.

ಟನ್ ಲೆಕ್ಕಕ್ಕೆ ಇನ್ನೊಂದು ಲಾಭವಿದೆ. ಮಜ್ಜಿಗೆಗೆ ನೀರು ಬೆರೆಸಿದರೆ ತೆಳ್ಳಗಾಗುತ್ತದೆ, ಒಳಗಿನ ಬೆಣ್ಣೆ ಕಮ್ಮಿಯಾಗುವುದಿಲ್ಲ. ಅನಿಲಕ್ಕೆ ಹೊರಗಿನ ಗಾಳಿ ಬೆರೆತರೂ ಅಷ್ಟೇ. ಮಿಲಿಗ್ರಾಂ ಇಳಿಯುತ್ತದೆ, ಊರಿಗೆ ಬೀಳುವ ಧೂಳು ಅಷ್ಟೇ ಇರುತ್ತದೆ. ಟನ್ನಿಗೆ ಇಷ್ಟು ಎಂದು ಹಿಡಿದರೆ ಈ ನೀರು ಬೆರೆಸುವ ಆಟ ನಡೆಯುವುದಿಲ್ಲ.

ಮಿಲಿಗ್ರಾಂ ಲೆಕ್ಕ ಇಟ್ಟುಕೊಂಡವರು ಇದಕ್ಕೆ ಬೇರೆ ಉಪಾಯ ಮಾಡಿದ್ದಾರೆ. ಯುರೋಪು, ಚೀನಾ, ನಮ್ಮ 2016ರ ಅಧಿಸೂಚನೆ, ಮೂರರಲ್ಲೂ ಅನಿಲದಲ್ಲಿ ಆಮ್ಲಜನಕ ನೂರಕ್ಕೆ 10 ಇದೆ ಎಂದು ಹಿಡಿದು ಅಂಕಿಯನ್ನು ತಿದ್ದಬೇಕು. ಇದು ಬಹಳ ದೊಡ್ಡ ವಿಷಯ, ಓದುಗರು ದಯವಿಟ್ಟು ಗಮನಿಸಬೇಕು. ಚಿಮ್ನಿಯ ಯಂತ್ರ 30 ಮಿಲಿಗ್ರಾಂ ತೋರಿಸುತ್ತಿದೆ ಎನ್ನಿ. ಸರಿಯಾಗಿ ಮಿತಿಯಲ್ಲೇ ಇದೆ ಎನಿಸುತ್ತದೆ. ಆದರೆ ಅದೇ ಹೊತ್ತಿಗೆ ಆಮ್ಲಜನಕ ನೂರಕ್ಕೆ 15 ಇದ್ದರೆ? 21ರಲ್ಲಿ 10 ಕಳೆದರೆ 11. 21ರಲ್ಲಿ 15 ಕಳೆದರೆ 6. ಮೂವತ್ತನ್ನು ಹನ್ನೊಂದರಿಂದ ಗುಣಿಸಿ ಆರರಿಂದ ಭಾಗಿಸಿ. 55 ಬಂತು! ಮಿತಿಯ ಹತ್ತಿರ ಹತ್ತಿರ ದುಪ್ಪಟ್ಟು. ಆಮ್ಲಜನಕದ ಅಂಕಿ ಪಕ್ಕದಲ್ಲಿ ಇಲ್ಲದೆ ಬರೀ ಮಿಲಿಗ್ರಾಂ ತೋರಿಸುವ ಬೋರ್ಡು ಅರ್ಧ ಸತ್ಯ ಹೇಳುತ್ತದೆ.

ಜರ್ಮನಿಯ 10, ಚೀನಾದ ಓಟ

ಯುರೋಪಿನ ಒಕ್ಕೂಟದಲ್ಲಿ ಎರಡು ಹಂತ. 2010ರ ಕೈಗಾರಿಕಾ ಮಾಲಿನ್ಯ ನಿರ್ದೇಶನದ ಪ್ರಕಾರ ಕಸ ಸುಡುವ ಸಿಮೆಂಟ್ ಬಟ್ಟಿಗೆ ಧೂಳು 30, ಸಾರಜನಕದ ಆಕ್ಸೈಡು 500. ಅದು ಎಲ್ಲರೂ ದಾಟಬಾರದ ಗೆರೆ. ಅದರ ಮೇಲೆ 2013ರ ತೀರ್ಮಾನವೊಂದು ಒಳ್ಳೆ ಯಂತ್ರ ಇಟ್ಟರೆ ಎಷ್ಟಕ್ಕೆ ಇಳಿಸಬಹುದು ಎಂಬುದನ್ನು ಹೇಳಿತು. ಬಟ್ಟಿಯ ಧೂಳು 10ರಿಂದ 20ರ ಒಳಗೆ. ಲೈಸೆನ್ಸ್ ಕೊಡುವ ಅಧಿಕಾರಿ ಇದನ್ನು ಮುಂದಿಟ್ಟುಕೊಂಡೇ ಮಿತಿ ಬರೆಯಬೇಕು. ಜರ್ಮನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಸ ಸುಡುವ ಬಟ್ಟಿಗೆ ಧೂಳು 10, ಸಾರಜನಕದ ಆಕ್ಸೈಡು 200 ಎಂದು ತನ್ನದೇ ಕಟ್ಟಳೆ ಮಾಡಿಕೊಂಡಿತು. ನಾಲ್ಕು ಚೀಲ!

ಹೆಚ್ಚು ಸೋಜಿಗ ಹುಟ್ಟಿಸುವುದು ಚೀನಾ. ಪ್ರಪಂಚದಲ್ಲಿ ಅತಿ ಹೆಚ್ಚು ಸಿಮೆಂಟ್ ಮಾಡುವ ದೇಶ ಅದು, ಎರಡನೆಯದು ನಾವು. ಅಲ್ಲಿನ 2013ರ ರಾಷ್ಟ್ರೀಯ ಮಾನದಂಡದಲ್ಲಿ ಬಟ್ಟಿಯ ಧೂಳು 30, ಸಾರಜನಕದ ಆಕ್ಸೈಡು 400. ಧೂಳಿನಲ್ಲಿ ನಮಗೆ ಸರಿಸಮ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಹೊರಡಿಸಿದ ‘ಅತಿ ಕಡಿಮೆ ಹೊರಸೂಸುವಿಕೆ’ ಯೋಜನೆಯಲ್ಲಿ ಧೂಳು 10, ಗಂಧಕದ ಡೈ ಆಕ್ಸೈಡು 35, ಸಾರಜನಕದ ಆಕ್ಸೈಡು 50ಕ್ಕೆ ಇಳಿಸುವ ಗುರಿ ಇಟ್ಟಿದ್ದಾರೆ. 2028ರ ಹೊತ್ತಿಗೆ ದೇಶದ ಕ್ಲಿಂಕರ್ ಸಾಮರ್ಥ್ಯದ ನೂರಕ್ಕೆ 80 ಭಾಗ ಈ ದಾರಿಗೆ ಬರಬೇಕಂತೆ. ಬಡ ದೇಶಕ್ಕೆ ಇವೆಲ್ಲ ಆಗದ ಮಾತು ಎನ್ನುತ್ತಿದ್ದವರು ಈಗ ಯಾರ ಕಡೆ ಬೆರಳು ತೋರಿಸುತ್ತಾರೋ!

ಕಣ್ಣಿಗೆ ಕಾಣದ ಹೊಗೆ

ಧೂಳು ಕಣ್ಣಿಗೆ ಕಾಣುತ್ತದೆ, ಜನ ಕೂಗುತ್ತಾರೆ. ಸಾರಜನಕದ ಆಕ್ಸೈಡು ಕಾಣುವುದಿಲ್ಲ, ಕೂಗುವವರಿಲ್ಲ. ನಾವು ನಿಜವಾಗಿ ಹಿಂದೆ ಬಿದ್ದಿರುವುದು ಇಲ್ಲೇ. ಬಟ್ಟಿಯ ಜ್ವಾಲೆ 2000 ಡಿಗ್ರಿ ಸುತ್ತಮುತ್ತ ಇರುತ್ತದೆ. ಆ ಉರಿಯಲ್ಲಿ ಗಾಳಿಯ ಸಾರಜನಕವೇ ಸುಟ್ಟು ಈ ಅನಿಲವಾಗುತ್ತದೆ. ಹೊರಗೆ ಹೋಗಿ ಗಾಳಿಯಲ್ಲಿ ಬೇರೆ ಅನಿಲಗಳ ಜೊತೆ ಸೇರಿ ಅತಿ ಸಣ್ಣ ಕಣವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ನಮ್ಮ ಮಿತಿ ಹೊಸ ಬಟ್ಟಿಗೆ 600, 2014ಕ್ಕಿಂತ ಹಳೆಯದಕ್ಕೆ 800, ಕೆಲವು ಬಗೆಯ ಹಳೆ ಬಟ್ಟಿಗೆ 1000. ಅದೇ ಹತ್ತು ಸಾವಿರ ಟನ್ನಿನ ಬಟ್ಟಿ ನಮ್ಮಲ್ಲಿ ಹೊಸದಾಗಿ ನಿಂತರೆ ದಿನಕ್ಕೆ 12 ಟನ್ ಬಿಡಬಹುದು. ಜರ್ಮನಿಯಲ್ಲಿ 4 ಟನ್.

ಇಳಿಸುವ ಉಪಾಯ ಇಲ್ಲವೇ? ಇದೆ. 850ರಿಂದ 1050 ಡಿಗ್ರಿ ಇರುವ ಜಾಗದಲ್ಲಿ ಅಮೋನಿಯಾ ನೀರು ಚಿಮುಕಿಸುವುದು ಒಂದು. ವೇಗವರ್ಧಕದ ಇಟ್ಟಿಗೆಗಳ ನಡುವೆ ಅನಿಲ ಹಾಯಿಸುವುದು ಇನ್ನೊಂದು. ಎರಡನೆಯದನ್ನು ಸಿಮೆಂಟ್ ಬಟ್ಟಿಗೆ ಪೂರ್ಣ ಪ್ರಮಾಣದಲ್ಲಿ ಮೊದಲು ಹಾಕಿದ್ದು ಜರ್ಮನಿಯ ಸೋಲ್ನ್‌ಹೋಫನ್ ಎಂಬ ಊರಿನಲ್ಲಿ, 2001ರಲ್ಲಿ. ಈ ಸೋಲ್ನ್‌ಹೋಫನ್ ನಮ್ಮ ಶಹಾಬಾದಿನ ದೂರದ ನೆಂಟ ಎನ್ನಬೇಕು. ಅಲ್ಲೂ ಪದರ ಪದರವಾಗಿ ಏಳುವ ಸುಣ್ಣದಕಲ್ಲು. ಆ ಕಲ್ಲಿನಲ್ಲೇ ಒಂದು ಕಾಲದಲ್ಲಿ ಯುರೋಪೆಲ್ಲ ಕಲ್ಲಚ್ಚಿನ ಮುದ್ರಣ ನಡೆಯುತ್ತಿತ್ತು, ಆ ಪದರದೊಳಗೇ ಪುರಾತನ ಹಕ್ಕಿ ಆರ್ಕಿಯಾಪ್ಟೆರಿಕ್ಸ್ ಸಿಕ್ಕಿತು. ನಮ್ಮ ಕಲ್ಲು ಮನೆ ಮನೆಯ ಹಾಸುಗಲ್ಲಾಯಿತು.

ಗಂಧಕದ ಡೈ ಆಕ್ಸೈಡಿನ ಕತೆ ಬೇರೆ. ಇಲ್ಲಿ ನಮ್ಮ ನಿಯಮ ಕಲ್ಲಿನ ಜಾತಕ ನೋಡುತ್ತದೆ. ಸುಣ್ಣದಕಲ್ಲಿನಲ್ಲಿ ಪೈರೈಟ್ ರೂಪದ ಗಂಧಕ ನೂರಕ್ಕೆ 0.25ಕ್ಕಿಂತ ಕಡಿಮೆಯಿದ್ದರೆ 100 ಮಿಲಿಗ್ರಾಂ, 0.5 ತನಕ 700, ಮೀರಿದರೆ 1000. ಯುರೋಪಿನವರೂ ಕಲ್ಲಿನಿಂದ ಬರುವ ಗಂಧಕಕ್ಕೆ ವಿನಾಯಿತಿ ಇಟ್ಟಿದ್ದಾರೆ. ಆದ್ದರಿಂದ ಇದರಲ್ಲಿ ನಮ್ಮವರನ್ನು ಮಾತ್ರ ದೂರುವುದು ತಪ್ಪು. ಆದರೆ ಯಾವ ಗಣಿಯ ಕಲ್ಲು ಯಾವ ಪಟ್ಟಿಗೆ ಸೇರಿದೆ ಎಂಬುದು ಪಕ್ಕದ ಹಳ್ಳಿಗೆ ಗೊತ್ತಿರಬೇಕಲ್ಲ?

ಇಪ್ಪತ್ತು ನಿಮಿಷದ ಆಟ

ಈಗ ಮುಖ್ಯ ವಿಷಯ. ಮಿತಿ 30 ಅಂದರೆ ಯಾವ ಹೊತ್ತಿನ 30? ಈ ನಿಮಿಷದ್ದೋ, ಈ ದಿನದ್ದೋ, ಈ ತಿಂಗಳಿನದ್ದೋ?

ಧೂಳು ಹಿಡಿಯುವ ಯಂತ್ರ ಎರಡು ಬಗೆ. ಒಂದು ಬ್ಯಾಗ್ ಫಿಲ್ಟರ್. ಹಿಟ್ಟಿನ ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆ ಚೀಲದ ದೊಡ್ಡಣ್ಣ. ಸಾವಿರಾರು ಚೀಲ. ಇನ್ನೊಂದು ಇಎಸ್‌ಪಿ. ತಂತಿಗೆ ಭಾರೀ ವೋಲ್ಟೇಜು ಕೊಟ್ಟು ಧೂಳಿಗೆ ವಿದ್ಯುತ್ ಹತ್ತಿಸಿ ತಗಡಿಗೆ ಅಂಟಿಸುವುದು. ಸುತ್ತಿಗೆ ಬಡಿದು ಕೆಳಗೆ ಬೀಳಿಸುವುದು. ಇಎಸ್‌ಪಿಗೆ ಒಂದು ಕಾಯಿಲೆ ಉಂಟು. ಉರಿ ಸರಿಯಾಗದೆ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿದರೆ ಒಳಗಿನ ಕಿಡಿಗೆ ಸ್ಫೋಟವಾಗಬಹುದು. ಆದ್ದರಿಂದ ಕರೆಂಟು ತಾನಾಗಿ ಕಡಿದುಹೋಗುತ್ತದೆ. ಇದಕ್ಕೆ ಟ್ರಿಪ್ ಅನ್ನುತ್ತಾರೆ. ಕರೆಂಟು ಹೋಯಿತು, ಬಟ್ಟಿ ಒಮ್ಮೆಲೇ ನಿಲ್ಲುವುದಿಲ್ಲ. ಹಿಡಿಯುವವರಿಲ್ಲದ ಧೂಳು ಚಿಮ್ನಿ ಹತ್ತುತ್ತದೆ.

ಆ ಹೊತ್ತಿನ ಧೂಳು ಮಿಲಿಗ್ರಾಂ ಅಲ್ಲ, ಒಂದು ಘನ ಮೀಟರಿಗೆ ಹತ್ತಾರು ಗ್ರಾಂ. ಸ್ವಲ್ಪ ಒಳಗೇ ಕೂತು 30 ಗ್ರಾಂ ಮಾತ್ರ ಹೊರಬಿತ್ತು ಎಂದು ಹಿಡಿಯೋಣ. ಇಪ್ಪತ್ತು ನಿಮಿಷಕ್ಕೆ ಎಷ್ಟು? ನಮ್ಮ ಲೆಕ್ಕದ ಬಟ್ಟಿಯಿಂದ 8 ಟನ್ ಮೀರಿ! ಇಡೀ ದಿನಕ್ಕೆ ಹನ್ನೆರಡು ಚೀಲದ ಪರವಾನಗಿ ಇದ್ದಲ್ಲಿ ಇಪ್ಪತ್ತೇ ನಿಮಿಷಕ್ಕೆ ನೂರಾ ಅರವತ್ತು ಚೀಲ!

ಇನ್ನು ಸರಾಸರಿಯ ಚಮತ್ಕಾರ ನೋಡಿ. ಮಿಕ್ಕ ಹೊತ್ತೆಲ್ಲ ಬಟ್ಟಿ ಒಳ್ಳೆಯದಾಗಿ ನಡೆದು 15 ಮಿಲಿಗ್ರಾಂ ಬಿಟ್ಟಿತು ಎನ್ನಿ. ಟ್ರಿಪ್ ಆದ ದಿನದ ಸರಾಸರಿ 430ರ ಹತ್ತಿರ ಬರುತ್ತದೆ. ಕಳ್ಳ ಸಿಕ್ಕಿಬಿದ್ದ. ಅದೇ 30ರ ಮಿತಿಯನ್ನು ಮೂವತ್ತು ದಿನದ ಸರಾಸರಿಯಲ್ಲಿ ನೋಡಿದರೆ 29 ಬರುತ್ತದೆ. ಪಾಸು! ಊರ ಮೇಲೆ ಬಿದ್ದ ನೂರಾ ಅರವತ್ತು ಚೀಲ ಕಾಗದದಲ್ಲಿ ಮಾಯ.

ಅಮೆರಿಕದವರು ಹೊಗಳಿಸಿಕೊಳ್ಳುವ ಬಿಗಿ ಮಿತಿಯ ಹಿಂದೆ ಈ ಮೂವತ್ತು ದಿನದ ಸರಾಸರಿ ಇದೆ ಎಂಬುದನ್ನು ಮರೆಯಬಾರದು. ಅಂಕಿ ಸಣ್ಣದಿರುವುದರಿಂದ ಅವರ ಲೆಕ್ಕದಲ್ಲಿ ಇಷ್ಟು ದೊಡ್ಡ ಕಳವು ಅಡಗುವುದಿಲ್ಲ, ಸಣ್ಣಪುಟ್ಟದ್ದು ಅಡಗುತ್ತದೆ. ಯುರೋಪಿನವರದು ದಿನದ ಸರಾಸರಿ. ಅಷ್ಟೇ ಅಲ್ಲ, ಕಸ ಸುಡುವ ಬಟ್ಟಿ ಮಿತಿ ಮೀರಿದ ಸ್ಥಿತಿಯಲ್ಲಿ ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಕಸ ಸುಡುವಂತಿಲ್ಲ, ವರ್ಷಕ್ಕೆ ಒಟ್ಟು ಅರವತ್ತು ಗಂಟೆ ಮೀರುವಂತಿಲ್ಲ. ಗಡಿಯಾರ ಹಿಡಿದು ಕೂತಿದ್ದಾರೆ! ನಮ್ಮಲ್ಲಿ ಇಎಸ್‌ಪಿ ಟ್ರಿಪ್ ಕಡಿಮೆ ಮಾಡಬೇಕೆಂದು ಕೇಂದ್ರ ಮಂಡಳಿ ಮತ್ತು ಕಾರ್ಖಾನೆಗಳ ನಡುವೆ 2003ರಲ್ಲೇ ಒಡಂಬಡಿಕೆಯಾಗಿತ್ತು. ಆಮೇಲೆ ಬಹಳ ಕಾರ್ಖಾನೆಗಳು ಬ್ಯಾಗ್ ಫಿಲ್ಟರಿಗೆ ಬದಲಾದವು, ಅದು ಒಳ್ಳೆಯದೇ ಆಯಿತು. ಬ್ಯಾಗು ಟ್ರಿಪ್ ಆಗುವುದಿಲ್ಲ. ಹರಿಯುತ್ತದೆ. ಹರಿದ ಚೀಲ ಯಾವಾಗ ಬದಲಾಯಿತು ಎಂಬ ಪುಸ್ತಕ ನೋಡುವವರು ಬೇಕು.

ಚಿಮ್ನಿ ಬಿಟ್ಟು ಮಿಕ್ಕ ಕಡೆ ಏಳುವ ಧೂಳಿಗೂ ಅಮೆರಿಕದವರು ಒಂದು ಅಳತೆ ಇಟ್ಟಿದ್ದಾರೆ. ಗಿರಣಿ, ಬೆಲ್ಟ್ ಬದಲಾಗುವ ಜಾಗ, ಚೀಲ ತುಂಬುವ ಜಾಗ, ಇಲ್ಲೆಲ್ಲ ಧೂಳು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬೆಳಕನ್ನು ಮರೆಮಾಡಬಾರದು. ಅಳೆಯುವುದು ಮನುಷ್ಯನ ಕಣ್ಣು! ಹೊಗೆ ನೋಡಿ ಶೇಕಡಾ ಹೇಳುವುದಕ್ಕೆ ತರಬೇತಿ ಕೊಟ್ಟು, ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡುತ್ತಾರೆ. ದುಬಾರಿ ಯಂತ್ರವೇ ಬೇಕೆಂದಿಲ್ಲ. ನಮ್ಮ ಹುಡುಗರಿಗೂ ಕಣ್ಣಿದೆ.

ಕಸವೂ ಬರುತ್ತಿದೆ

ಇದೆಲ್ಲ ಈಗ ಇನ್ನಷ್ಟು ಮುಖ್ಯ. ಶಹರಗಳ ಒಣಕಸ, ಪ್ಲಾಸ್ಟಿಕ್ಕು ಸಿಮೆಂಟ್ ಬಟ್ಟಿಯ ಉರುವಲಾಗುತ್ತಿದೆ. ಕಸದಿಂದ ಉರುವಲು ಮಾಡುವ ಘಟಕದ 100 ಕಿ.ಮೀ. ಒಳಗಿರುವ ಕಾರ್ಖಾನೆ ತನ್ನ ಇಂಧನದಲ್ಲಿ ನೂರಕ್ಕೆ 5 ಭಾಗವಾದರೂ ಇದನ್ನು ಸುಡಬೇಕೆಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತು. ಬಟ್ಟಿಯ ಉರಿಗೆ ಪ್ಲಾಸ್ಟಿಕ್ ಪೂರ್ತಿ ಸುಟ್ಟುಹೋಗುತ್ತದೆ, ಬಯಲಲ್ಲಿ ಸುಡುವುದಕ್ಕಿಂತ ಸಾವಿರ ಪಾಲು ವಾಸಿ, ಸುಳ್ಳಲ್ಲ. ಆದರೆ ಕಸದ ಜೊತೆ ಕ್ಲೋರಿನ್ ಬರುತ್ತದೆ, ಪಾದರಸ ಬರುತ್ತದೆ. ಪಾದರಸ ಸುಟ್ಟು ನಾಶವಾಗುವ ವಸ್ತುವಲ್ಲ, ಆವಿಯಾಗಿ ಮೇಲಕ್ಕೆ ಹೋಗುತ್ತದೆ. ನಮ್ಮ 2016ರ ಸಿಮೆಂಟ್ ಅಧಿಸೂಚನೆ ಪಾದರಸಕ್ಕೆ 0.05 ಮಿಲಿಗ್ರಾಂ, ಡಯಾಕ್ಸಿನ್ ಮತ್ತು ಫ್ಯೂರಾನುಗಳಿಗೆ 0.1 ನ್ಯಾನೋಗ್ರಾಂ ಮಿತಿ ಹಾಕಿದೆ. ಯುರೋಪಿನ ಅಂಕಿಯೂ ಅದೇ. ಅಂದರೆ ಕಾಗದದ ಮೇಲೆ ನಮ್ಮ ನಿಯಮ ಕೀಳಲ್ಲ. ಕೊರತೆ ಇರುವುದು ನೋಡುವ ಕಣ್ಣು, ತೋರಿಸುವ ಮನಸ್ಸು, ಈ ಎರಡರಲ್ಲಿ.

ತೋರಿಸುವ ವಿಷಯಕ್ಕೇ ಬರೋಣ. ಚೀನಾದಲ್ಲಿ ಮಾ ಜುನ್ ಎಂಬವರು 2006ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಕಾರ್ಖಾನೆಗಳು ಸರ್ಕಾರಕ್ಕೆ ಕೊಡುವ ಹೊಗೆಯ ಅಂಕಿಗಳನ್ನು ಜನರ ಮೊಬೈಲಿಗೆ ತಂದರು. ಕೆಂಪು ಬಣ್ಣ ಬಂದರೆ ಮಿತಿ ಮೀರಿದೆ ಎಂದರ್ಥ. ಓದು ಬರಹ ಬಾರದವರಿಗೂ ತಿಳಿಯುವ ಭಾಷೆ. ನಮ್ಮಲ್ಲೂ 2014ರಲ್ಲಿ ಕೇಂದ್ರ ಮಂಡಳಿ ಸಿಮೆಂಟ್ ಸೇರಿ 17 ಬಗೆಯ ಕಾರ್ಖಾನೆಗಳ ಚಿಮ್ನಿಗೆ ಸದಾ ಅಳೆಯುವ ಯಂತ್ರ ಕಡ್ಡಾಯ ಮಾಡಿತು. ಅಂಕಿ ಮಂಡಳಿಯ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿಂದ ಸೇಡಂ ತಾಲೂಕಿನ ಹೊಲದ ಬದುವಿಗೆ ಬರುವುದು ಯಾವಾಗ?

ಶಿಕ್ಷೆಯ ಮಾತೂ ಬದಲಾಗಿದೆ. ವಾಯು ಕಾಯ್ದೆಯಲ್ಲಿ ಇದ್ದ ಜೈಲಿನ ಭಯವನ್ನು 2023ರ ಜನ ವಿಶ್ವಾಸ ಕಾಯ್ದೆ ಬಹುಮಟ್ಟಿಗೆ ತೆಗೆದು 10 ಸಾವಿರದಿಂದ 15 ಲಕ್ಷದ ತನಕ ದಂಡ ಇಟ್ಟಿದೆ. ದಿನಕ್ಕೆ ಹತ್ತು ಸಾವಿರ ಟನ್ ಸುಡುವವನಿಗೆ ಹದಿನೈದು ಲಕ್ಷ ಎಷ್ಟು ಹೊತ್ತಿನ ವ್ಯಾಪಾರ ಎಂದು ಓದುಗರೇ ಎಣಿಸಲಿ.

ರಾಜ್ಯ ಮಂಡಳಿಗೆ ಕೇಂದ್ರದ ಮಿತಿಗಿಂತ ಬಿಗಿಯಾದ ಮಿತಿ ಹಾಕುವ ಅಧಿಕಾರ ಕಾನೂನಿನಲ್ಲೇ ಇದೆ. ಪ್ರತಿ ಕಾರ್ಖಾನೆಗೂ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲಿ ಆ ಕಾರ್ಖಾನೆಯ ಅಂಕಿ ಬರೆದಿರುತ್ತದೆ. ನಾರ್ಮ್ಸ್ ಒಳಗೇ ಅದ ಎಂಬ ಉತ್ತರ ಸಿಕ್ಕವರು ಮೊದಲು ಆ ಪತ್ರದ ನಕಲು ಕೇಳಬೇಕು. ನಂತರ ಕಳೆದ ತಿಂಗಳಿನ ದಿನವಾರು ಅಂಕಿ, ಆಮ್ಲಜನಕದ ಅಂಕಿ ಸಮೇತ. ನಂತರ ಇಎಸ್‌ಪಿ ಟ್ರಿಪ್ ಆದ ಅಥವಾ ಬ್ಯಾಗ್ ಹರಿದ ದಿನಾಂಕ, ಹೊತ್ತು. ನಂತರ ಬಟ್ಟಿಗೆ ಹಾಕಿದ ಕಸದ ತೂಕ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಆದರೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಅರ್ಜಿ ವಾಪಸು ಬಂದೀತು, ಎಚ್ಚರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾಲ್ಕು ವಿಷಯಕ್ಕೆ ನಾಲ್ಕು ಅರ್ಜಿ, ನಲವತ್ತು ರೂಪಾಯಿ. ಕೊಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಲಬುರಗಿ ಪ್ರಾದೇಶಿಕ ಕಚೇರಿಗೆ, ಉತ್ತರಕ್ಕೆ ಮೂವತ್ತು ದಿನ.